ಕರಿ ಹೊಟ್ಟೆಯ ಡಿಸ್ಕು

ಕಳೆದ ತಿಂಗಳು ಲಿಂಗಸುಗೂರಿನಿಂದ ಸಿಂಧನೂರಿಗೆ ಸ್ಕೂಟರಿನಲ್ಲಿ ಹೊರಟಿದ್ದವಳು ದಾರಿಯಲ್ಲಿ ಒಂದು ಭತ್ತದ ಗದ್ದೆಯ ಪಕ್ಕ ನಿಂತುಬಿಟ್ಟೆ. ಗದ್ದೆಯ ತುಂಬ ದಾರ ಎಳೆದು ಹಳೆಯ ಸಿ.ಡಿ.ಗಳನ್ನು ತೂಗುಹಾಕಿದ್ದರು. ಹಕ್ಕಿ ಓಡಿಸಲು ನಮ್ಮ ಕಡೆ ಈಗ ಇದೇ ರೂಢಿ. ಒಂದು ಕಾಲಕ್ಕೆ ಯಾರದೋ ಮದುವೆಯ ವಿಡಿಯೋ, ಯಾರದೋ ಊರಿನ ಭಜನೆ ಹೊತ್ತಿದ್ದ ತಟ್ಟೆಗಳು ಈಗ ಗಾಳಿಗೆ ತಿರುಗುತ್ತ ಫಳಫಳ ಮಿಂಚುತ್ತಿದ್ದವು. ಅವುಗಳ ನಡುವೆ ಒಂದು ಮಾತ್ರ ಮಿಂಚುತ್ತಿರಲಿಲ್ಲ. ಹೊಳೆಯಬೇಕಿದ್ದ ಅದರ ಹೊಟ್ಟೆ ಕರ್ರಗಿತ್ತು.

ನಾನು ಹಾಗೆ ನೋಡುತ್ತ ನಿಂತದ್ದನ್ನು ಕಂಡು ಕಳೆ ಕೀಳುತ್ತಿದ್ದ ಹೆಂಗಸು ಕೇಳಿದಳು: “ಏನವ್ವ, ಏನರ ಕಳಕೊಂಡಿಯೇನು?”

“ಇಲ್ಲಬೇ, ಆ ಕರೇದು ಎಲ್ಲಿ ಸಿಕ್ತು ನಿನಗ?”

“ಅದಾ? ಗುಜರಿಯವ ಕೊಟ್ಟಾನ. ಹೊಳಿಯಂಗಿಲ್ಲ ಬಿಡು. ಹಕ್ಕಿ ಅದರ ಬಾಜೂಕ ಬಂದು ಕೂಡ್ತಾವ.”

ಆ ಗದ್ದೆಯಲ್ಲಿ ತೂಗುತ್ತಿದ್ದವುಗಳಲ್ಲಿ ಅಸ್ಲಿ ಮಾಲು ಅಂದರೆ ಅದೊಂದೇ. ಕೆಲಸಕ್ಕೆ ಬಾರದ್ದೂ ಅದೊಂದೇ. ನಾನು ಸ್ಕೂಟರ್ ಮೇಲೆ ಕೂತು ಒಬ್ಬಳೇ ನಕ್ಕೆ. ಆ ಹೆಂಗಸು ಪಕ್ಕದ ಸಾಲಿನವಳಿಗೆ ನನ್ನ ತಲೆಯ ಬಗ್ಗೆ ಏನೋ ಸನ್ನೆ ಮಾಡಿದಳು.

ನಿಮ್ಮಲ್ಲಿ ಯಾರಿಗಾದರೂ ಆ ಬೂದು ಬಣ್ಣದ ವಿಡಿಯೋ ಗೇಮ್ ಪೆಟ್ಟಿಗೆ ನೆನಪಿದೆಯೋ ಇಲ್ಲವೋ. ಟಿ.ವಿ.ಗೆ ಸಿಕ್ಕಿಸಿ ಆಡುವಂಥದ್ದು, ಮೇಲೆ ದುಂಡನೆಯ ಮುಚ್ಚಳ, ಮುಂದೆ ಎರಡು ಹಿಡಿಕೆ. ಅದರ ಅಸಲಿ ಡಿಸ್ಕುಗಳಿಗೆಲ್ಲ ಹೊಟ್ಟೆ ಕಪ್ಪು. ಬಜಾರಿನಲ್ಲಿ ಸಿಗುವ ಕಾಪಿ ಡಿಸ್ಕುಗಳಿಗೆ ಹೊಟ್ಟೆ ಬೆಳ್ಳಗೆ, ಇಲ್ಲವೇ ನೀಲಿ. ಪೆಟ್ಟಿಗೆ ಅಸಲಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಕಾಪಿ ಹಾಕಿದರೆ ಡಿಸ್ಕೇ ಹಾಕಿಲ್ಲವೆಂಬಂತೆ ಮುಖ ತಿರುಗಿಸುತ್ತಿತ್ತು. ಬಹಳ ದಿನ ನಾನು ಆ ಕಪ್ಪು ಬಣ್ಣದಲ್ಲೇ ಎಲ್ಲ ಗುಟ್ಟಿದೆ ಅಂದುಕೊಂಡಿದ್ದೆ. ಬಣ್ಣ ಬರೀ ಶೋಕಿಗಂತೆ. ನಿಜವಾದ ಗುರುತು ಡಿಸ್ಕಿನ ನಡುವಿನ ತೂತಿನ ಹತ್ತಿರ, ಗೆರೆಗಳ ಒಂದು ಸಣ್ಣ ಅಲುಗಾಟದಲ್ಲಿ ಇರುತ್ತಿತ್ತಂತೆ. ಅದನ್ನು ಮನೆಯ ಕಂಪ್ಯೂಟರಿನಲ್ಲಿ ನಕಲು ಮಾಡಲಿಕ್ಕಾಗದು. ಇದನ್ನು ನಾನು ಓದಿ ತಿಳಿದದ್ದು ತೀರ ಈಚೆಗೆ, ಯಾವ ಉಪಯೋಗಕ್ಕೂ ಇಲ್ಲದ ವಯಸ್ಸಿನಲ್ಲಿ.

ಆಗ ನಾವು ಮಸ್ಕಿಯಲ್ಲಿದ್ದೆವು. ಅಪ್ಪ ಪಾಮನಕಲ್ಲೂರಿನ ಶಾಲೆಯಲ್ಲಿ ಹೆಡ್‌ಮಾಸ್ತರು. ನಾನು ಡಿಗ್ರಿ ಓದಲು ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಬರುತ್ತಿದ್ದೆ. ಅಣ್ಣ ಪ್ರಕಾಶ ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಆಗುವ ಹಟ ಹಿಡಿದು, ಬೆಳಗಾದರೆ ಲಿಂಗಸುಗೂರು ರಸ್ತೆಯಲ್ಲಿ ಓಡುತ್ತಿದ್ದ. ಓಡಿ ಬಂದು ಅವ್ವನ ಕೈಯಿಂದ ಬಿಸಿ ರೊಟ್ಟಿ ಕಸಿದು ನಿಂತೇ ತಿನ್ನುತ್ತಿದ್ದ. ನೇಮಕಾತಿಯ ಓಟಕ್ಕೆ ಕರೆ ಬಂದಿತ್ತು. ಆ ವಾರವೇ ಗೆಳೆಯನ ಬೈಕಿನಲ್ಲಿ ಗುರುಗುಂಟಾದ ಹತ್ತಿರ ಬರುವಾಗ ರಸ್ತೆಗೆ ಕುರಿಹಿಂಡು ಅಡ್ಡ ಬಂತು. ಕುರಿಗಳಿಗೆ ಏನೂ ಆಗಲಿಲ್ಲ. ಇವನ ತೊಡೆಯ ಎಲುಬು ಮುರಿಯಿತು. ಆ ಕುರುಬನೇ ದಾರಿಯಲ್ಲಿ ಬಂದ ಟೆಂಪೋ ನಿಲ್ಲಿಸಿ, ಇವನ ಕಾಲನ್ನು ತನ್ನ ತೊಡೆಯ ಮೇಲೆ ಕಂಬಳಿಯಲ್ಲಿ ಸುತ್ತಿಟ್ಟುಕೊಂಡು ಲಿಂಗಸುಗೂರಿನ ಆಸ್ಪತ್ರೆಗೆ ತಂದ.

ಕಾಲಿಗೆ ರಾಡು ಹಾಕಿದರು. ಕಾಲು ಕೂಡುತ್ತದೆ, ಆದರೆ ಓಟ ಮರೆತುಬಿಡಿ ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಪ್ರಕಾಶ ಮಾತೇ ನಿಲ್ಲಿಸಿದ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಆ ಗೋಡೆಯಲ್ಲಿ ಒಂದು ಕ್ಯಾಲೆಂಡರೂ ಇರಲಿಲ್ಲ. ಅವ್ವ ಮಂಚದ ಪಕ್ಕ ಕೂತು ಕೇಳುತ್ತಿದ್ದಳು: “ಪಕ್ಯಾ, ಒಂದು ಮಾತರ ಆಡೋ. ಬೈಯರ ಬೈ ನನ್ನ.” ಅವನು ಬೈಯುತ್ತಲೂ ಇರಲಿಲ್ಲ. ವಾರಗಳಾದ ಮೇಲೆ ಡಾಕ್ಟರು ಇನ್ನು ಎದ್ದು ನಿಲ್ಲಬಹುದು ಎಂದರು. ಇವನು ಏಳಲಿಲ್ಲ. ನಿಂತು ಏನು ಮಾಡಬೇಕು ಎಂಬುದು ಅವನ ವಾದ. ಅದನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೀಗಿರುವಾಗ ಕೊಲ್ಲಿ ದೇಶದಲ್ಲಿ ಡ್ರೈವರ್ ಆಗಿದ್ದ ನಮ್ಮ ಶಾಂತಪ್ಪ ಮಾಮ ರಜೆಗೆ ಬಂದ. ಬರುವಾಗ ಯಾರೋ ಬಿಟ್ಟುಹೋದ ಆ ಬೂದು ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಹಿಡಿಕೆಯನ್ನು ಅಳಿಯನ ಎದೆಯ ಮೇಲಿಟ್ಟು, “ಕಾಲು ಆಡಂಗಿಲ್ಲಂದ್ರ ಬಿಡು, ಬೆರಳರ ಆಡ್ಸಲೇ,” ಎಂದ.

ಪೆಟ್ಟಿಗೆಯ ಜೊತೆ ಒಂದೇ ಒಂದು ಡಿಸ್ಕು ಬಂದಿತ್ತು, ಕರಿ ಹೊಟ್ಟೆಯ ಅಸಲಿ. ಅದರಲ್ಲಿದ್ದದ್ದು ಮೀನು ಹಿಡಿಯುವ ಆಟ. ಯಾವುದೋ ಕೆರೆ, ಯಾವುದೋ ಬೆಟ್ಟ, ಓದಲು ಬಾರದ ಅಕ್ಷರ. ಗಾಳ ಹಾಕಿ ಕಾಯುವುದು. ಕಾದರೆ ಒಮ್ಮೊಮ್ಮೆ ಮೀನು. ಮಂಚದ ಮೇಲೆ ಬಿದ್ದುಕೊಂಡು ಕಾಯುವುದನ್ನೇ ಮಾಡುತ್ತಿದ್ದವನಿಗೆ ಇದು ಇನ್ನಷ್ಟು ಕಾಯಿಸುವ ಆಟ. ಆದರೂ ಮುಖ ಗೋಡೆಯಿಂದ ಟಿ.ವಿ. ಕಡೆಗೆ ತಿರುಗಿತಲ್ಲ ಎಂದು ಅವ್ವ ಸಮಾಧಾನಪಟ್ಟಳು. ಕೆಲವೇ ದಿನಗಳಲ್ಲಿ ಅವನಿಗೆ ಮೀನು ಸಾಕಾಯಿತು.

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ರಫೀಕ್ ಭಾಯಿ ಎಂಬುವರ ಅಂಗಡಿ ಇತ್ತು. ರೇಡಿಯೋ ರಿಪೇರಿ, ಕ್ಯಾಸೆಟ್ಟು, ಕಾಪಿ ಡಿಸ್ಕು ಎಲ್ಲವೂ ಅಲ್ಲೇ. ಝೆರಾಕ್ಸ್ ಮಾಡಿದ ಚಿತ್ರ ಅಂಟಿಸಿದ ತೆಳು ಪ್ಲಾಸ್ಟಿಕ್ ಕವರುಗಳು ದಾರಕ್ಕೆ ನೇತಾಡುತ್ತಿದ್ದವು. ಕಾಲೇಜು ಬಿಟ್ಟು ಬರುವಾಗ ಕಾರಿನ ಚಿತ್ರವಿದ್ದ ಒಂದು ಡಿಸ್ಕು ತಂದೆ. ಪೆಟ್ಟಿಗೆ ಅದನ್ನು ಒಪ್ಪಲಿಲ್ಲ. ಮರುದಿನ ವಾಪಸು ಒಯ್ದಾಗ ರಫೀಕ್ ಭಾಯಿ ಒಂದಿಷ್ಟೂ ಬೇಸರಪಡದೆ ಪಾಠ ಹೇಳಿದರು.

“ಡಿಸ್ಕು ಛಲೋ ಐತಿ ಬೇಟಿ. ಪೆಟ್ಟಿಗಿ ಮೊದ್ಲು ಅಸ್ಲಿ ಮಾರಿ ನೋಡ್ತದ. ನೋಡಿ ಬಾಗಿಲಾ ತೆಗಿತದ. ಆವಾಗ ನೀ ಅಸ್ಲಿ ತೆಗೆದು ನಕ್ಲಿ ಕೂಡಿಸ್ಬೇಕು. ತಡ ಮಾಡಿದ್ರ ಗೊತ್ತಾಗ್ತದ ಅದಕ್ಕ.”

ವಿಷಯ ಇಷ್ಟೇ: ಮುಚ್ಚಳ ತೆರೆದರೆ ಪೆಟ್ಟಿಗೆ ನಿಂತುಬಿಡುತ್ತದೆ. ಆದ್ದರಿಂದ ಮುಚ್ಚಳ ಒತ್ತುವ ಸಣ್ಣ ಗುಂಡಿಯನ್ನು ಪೆನ್ನಿನ ಸ್ಪ್ರಿಂಗೋ ಬೆಂಕಿಕಡ್ಡಿಯೋ ತುರುಕಿ ಅದುಮಿಡಬೇಕು. ಪೆಟ್ಟಿಗೆಗೆ ಮುಚ್ಚಳ ಹಾಕಿದೆ ಎಂಬ ಭ್ರಮೆ. ಅಸಲಿ ಡಿಸ್ಕು ಹಾಕಿ ಚಾಲೂ ಮಾಡಿದರೆ ಟಿ.ವಿ.ಯಲ್ಲಿ ಬಿಳಿ ಪರದೆ ಬರುತ್ತದೆ. ಅದು ಹೋಗಿ ಕಪ್ಪು ಪರದೆ ಬರುವ ಮೊದಲು ಡಿಸ್ಕು ಒಂದು ಗಳಿಗೆ ನಿಧಾನವಾಗುತ್ತದೆ. ಅಷ್ಟರಲ್ಲಿ ತಿರುಗುತ್ತಿರುವುದನ್ನು ಎತ್ತಿ ಇನ್ನೊಂದನ್ನು ಕೂರಿಸಬೇಕು.

ಪೆಟ್ಟಿಗೆಯ ತಂತಿ ಗಿಡ್ಡ, ಅದು ಟಿ.ವಿ. ಪಕ್ಕವೇ ಇರಬೇಕು. ಪ್ರಕಾಶ ಮಂಚ ಇಳಿಯುವವನಲ್ಲ. ಹೀಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು. ನಾನು ಬಿ.ಎಸ್ಸಿ. ವಿದ್ಯಾರ್ಥಿನಿ ಬೇರೆ, ಭೌತಶಾಸ್ತ್ರ ಬಲ್ಲವಳು. ಮೊದಲನೇ ಸಲ ಬೆರಳು ತಾಗಿ ಅಸಲಿ ಡಿಸ್ಕು ಹಾರಿತು. ಹಾರಿ, ಊಟಕ್ಕೆ ಕೂತಿದ್ದ ಅಪ್ಪನ ಸಾರಿನ ಬಟ್ಟಲಿನಲ್ಲಿ ಅರ್ಧ ಮುಳುಗಿ ನಿಂತಿತು. ಅಪ್ಪ ಬಟ್ಟಲನ್ನೇ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಂಚದ ಮೇಲಿಂದ ಕುಸು ಕುಸು ಎಂಬ ಸದ್ದು ಬಂತು. ಪ್ರಕಾಶ ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಕಾಲು ನೋಯುತ್ತದೆಂದು ಒದರಿಕೊಳ್ಳುತ್ತ ನಗುತ್ತಿದ್ದ. ಅವ್ವ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ತುಂಬಿತ್ತು.

“ಸರೀ ಅತ್ತಾಗ,” ಎಂದಳು ನನಗೆ. “ಏನ್ ಮಾಡ್ಬೇಕು ಹೇಳು, ನಾ ಮಾಡ್ತೀನಿ.”

ಅವ್ವನಿಗೆ ಎರಡನೇ ಪ್ರಯತ್ನಕ್ಕೇ ಬಂತು. ಬಲಗೈಯಲ್ಲಿ ಎತ್ತಿ ಎಡಗೈಯಲ್ಲಿ ಕೂರಿಸುವಳು. ಪರದೆ ನೋಡುತ್ತಲೂ ಇರಲಿಲ್ಲ. ಡಿಸ್ಕಿನ ಸುಯ್ಯೆನ್ನುವ ಸದ್ದು ಇಳಿಯುವುದನ್ನು ಕಿವಿಯಲ್ಲೇ ಹಿಡಿಯುತ್ತಿದ್ದಳು.

ಸುಖ ಬಹಳ ದಿನ ಉಳಿಯಲಿಲ್ಲ. ಅಪ್ಪನಿಗೆ ಸ್ವಚ್ಛತೆಯ ಹುಚ್ಚು. ಸಾರು ಕಂಡ ಡಿಸ್ಕು ಇನ್ನೂ ಕೊಳಕೇ ಎಂಬ ಅನುಮಾನ ಅವರ ತಲೆಯಿಂದ ಹೋಗಿರಲಿಲ್ಲ. ಒಂದು ದಿನ ಅಸಲಿ ಡಿಸ್ಕನ್ನು ಸೋಪಿನ ಪುಡಿ ಹಾಕಿ ತೊಳೆದು, ತಾಟುಗಳ ಜೊತೆ ಮಾಳಿಗೆಯ ಮೇಲೆ ಒಣಗಲು ಇಟ್ಟರು. ಬೇಸಿಗೆ. ಮಸ್ಕಿಯ ಬೇಸಿಗೆ. ಮಧ್ಯಾಹ್ನ ನೋಡಿದರೆ ಡಿಸ್ಕು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಪ್ಪ ಸೋಲು ಒಪ್ಪುವವರಲ್ಲ.

“ಅಶೋಕ ಬಂಡಿಗಲ್ಲಿನ ಮ್ಯಾಲ ಬರೆಸಿದ್ದು ಇದ ಊರ ಬಿಸಿಲಾಗ ಇನ್ನೂ ಐತಿ. ನಿಮ್ಮ ಈ ತಾಟು ಒಂದು ಮಧ್ಯಾಹ್ನ ತಡೀಲಿಲ್ಲಲ್ಲ!” ಎಂದರು.

ಪ್ರಕಾಶ ಮತ್ತೆ ಗೋಡೆಯ ಕಡೆ ತಿರುಗಿದ. ಅಪ್ಪ ಅಂದು ಊಟ ಮಾಡಲಿಲ್ಲ.

ಅಸಲಿ ಇಲ್ಲದೆ ನಕಲಿ ಓಡದು. ನಾನು ಅಸಲಿ ಹುಡುಕಲು ಹೊರಟೆ. ಲಿಂಗಸುಗೂರಿನ ಅಂಗಡಿಗಳಲ್ಲಿ ಕೇಳಿದೆ. ಅಸಲಿ ಬೇಕು ಅಂದರೆ ಪೊಲೀಸರ ಕಡೆಯವಳೋ ಏನೋ ಎಂದು ಸುಮ್ಮನಾಗುತ್ತಿದ್ದರು. ರಫೀಕ್ ಭಾಯಿಯಂತೂ ಕೈ ಮುಗಿದರು: “ಅಸ್ಲಿ ಇಟ್ಕೊಂಡು ನಾ ಅಂಗಡಿ ಹ್ಯಾಂಗ ನಡಿಸ್ಲಿ ಬೇಟಿ?”

ಬೇಸತ್ತು ಈ ಕಥೆಯನ್ನು ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಶಿಖಾಗೆ ಹೇಳಿದೆ. ಶಿಖಾ ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನ ಹುಡುಗಿ. ಅವರಪ್ಪ, ಅವಳು ಕರೆಯುವಂತೆ ಬಾಬಾ, ಭತ್ತ ಬೆಳೆಯುವವರು. ಕೇಳಿ ಅವಳು ಹಣೆ ಗಂಟು ಹಾಕಿದಳು.

“ಕರಿ ಹೊಟ್ಟಿದಾ? ನಮ್ಮ ಮನ್ಯಾಗ ಐತಲ್ಲ.”

ಅವಳ ಅಣ್ಣ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಅವನು ತಂದ ಅಂಥದೇ ಪೆಟ್ಟಿಗೆ ಕ್ಯಾಂಪಿನ ವೋಲ್ಟೇಜಿಗೆ ಸುಟ್ಟು, ಡಿಸ್ಕೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದಿತ್ತು. ಕೊಡು ಅಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

“ಅಣ್ಣ ಕೊಟ್ಟಿದ್ದು. ನಾ ಇಲ್ದ ಅದು ಎಲ್ಲೂ ಹೋಗಂಗಿಲ್ಲ. ಬೇಕಾದ್ರ ಐತವಾರ ನಾನ ತರ್ತೀನಿ.”

ಹೀಗೆ ಒಂದು ಐತವಾರ ಬಿಸ್ಕತ್ತಿನ ಡಬ್ಬಿ ಎದೆಗವಚಿಕೊಂಡು ಶಿಖಾ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಅವ್ವನನ್ನು “ಮಾಸಿ” ಎಂದು ಕರೆದಳು. ಚಿಕ್ಕಮ್ಮ ಅನ್ನುವುದಕ್ಕೆ ಬಂಗಾಲಿಯಲ್ಲಿ ಹಾಗೆನ್ನುತ್ತಾರೆ. ಅವ್ವ ಮಾತ್ರ ಅದನ್ನು “ಮಸ್ಕಿ” ಎಂದು ಕೇಳಿಸಿಕೊಂಡು, “ಹೌದವ್ವ, ಇದ ಮಸ್ಕಿ, ಸರಿಯಾಗೇ ಬಂದೀದಿ,” ಎಂದು ಧೈರ್ಯ ಹೇಳಿದಳು.

ಅವ್ವ ಡಿಸ್ಕು ಬದಲಿಸಿದಳು. ಕಾರಿನ ಆಟ ಬಂತು. ಶಿಖಾ ಒಂದು ಹಿಡಿಕೆ, ಪ್ರಕಾಶ ಒಂದು. ಅವನು ಅವಳ ಕಡೆ ನೋಡದೆ ಆಡಿದ, ಸೋತ. ಮತ್ತೆ ಆಡಿದ, ಮತ್ತೆ ಸೋತ. ಆಗ ಶಿಖಾ ಹಿಡಿಕೆ ಕೆಳಗಿಟ್ಟು ಹೇಳಿದಳು: “ನಮ್ಮ ಕ್ಯಾಂಪಿನಾಗ ಒಂದು ನಿಯಮ ಐತಿ. ಗೆದ್ದೋರು ಕುಂತು ಆಡ್ತಾರ, ಸೋತೋರು ನಿಂತು ಆಡ್ಬೇಕು.”

ಎದ್ದು ನಿಲ್ಲು ಎಂಬ ಮಾತನ್ನು ಅವನ ಮುಂದೆ ಆಡುವುದನ್ನು ನಾವು ಬಿಟ್ಟೇ ಬಹಳ ದಿನವಾಗಿತ್ತು. ಪ್ರಕಾಶ ಅವಳನ್ನು ಮೊದಲ ಸಲ ನೇರ ನೋಡಿದ.

“ನನಗ ಕಾಲು ಬ್ಯಾನಿ ಐತಿ.”

“ನೋಡೀನಿ. ಮಂಚ ಹಿಡ್ಕೊಂಡು ನಿಂದರ್ರಿ. ಇಲ್ಲಂದ್ರ ಸೋತೆ ಅಂತ ಒಪ್ಕೊಳ್ರಿ, ನಾ ಊರಿಗೆ ಹೋಗ್ತೀನಿ.”

ಅವನು ಮಂಚದ ಪಟ್ಟಿ ಹಿಡಿದು ಎದ್ದ. ಮುಖವೆಲ್ಲ ಬೆವರು. ಒಂದು ಆಟ ಮುಗಿಯುವವರೆಗೂ ನಿಂತ, ಸೋತ, ಕುಸಿದು ಕೂತ. ಅವ್ವ ಅಡುಗೆಮನೆಗೆ ಹೋಗಿ, ಕಾರಣವಿಲ್ಲದೆ ಕೊಡದ ನೀರನ್ನು ಇನ್ನೊಂದು ಕೊಡಕ್ಕೆ ಸುರಿದಳು.

ಅಲ್ಲಿಂದ ಮುಂದೆ ಐತವಾರಗಳು ಬಂದವು. ಅವನು ಸೋಲುತ್ತಲೇ ಹೋದ, ನಿಲ್ಲುತ್ತಲೇ ಹೋದ. ವಾರವಿಡೀ ಒಬ್ಬನೇ ನಿಂತು ಅಭ್ಯಾಸ ಮಾಡುತ್ತಿದ್ದ, ಅವಳನ್ನು ಸೋಲಿಸಲೆಂದು. ಅಸಲಿ ಡಿಸ್ಕು ಮನೆಯಲ್ಲಿ ಇರುತ್ತಿರಲಿಲ್ಲವಾದ್ದರಿಂದ ಕಪ್ಪು ಟಿ.ವಿ.ಯ ಮುಂದೆ ಹಿಡಿಕೆ ಹಿಡಿದು ನಿಲ್ಲುತ್ತಿದ್ದ. ನೋಡಿದವರು ಏನೆಂದುಕೊಂಡರೋ! ಮಳೆಗಾಲ ಮುಗಿಯುವ ಹೊತ್ತಿಗೆ ಕೋಲು ಊರಿಕೊಂಡು ಅವಳನ್ನು ಬಸ್ಸು ಹತ್ತಿಸಿ ಬರುವಷ್ಟಾದ.

ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳದ ಗುಂಡಿ ಸವೆದುಹೋಯಿತು. ನಾನು ಅದನ್ನು ಕಾಲೇಜು ಚೀಲದಲ್ಲಿ ಹಾಕಿಕೊಂಡು ರಫೀಕ್ ಭಾಯಿಯ ಹತ್ತಿರ ಒಯ್ದೆ. ಅವರು ರಿಪೇರಿ ಮಾಡಿ, ಕೇಳದಿದ್ದರೂ ಇನ್ನೊಂದು ಉಪಕಾರ ಮಾಡಿದ್ದರು.

“ಒಳಗ ಒಂದು ಚಿಪ್ ಕೂಡ್ಸೀನಿ ಬೇಟಿ. ಇನ್ನ ಅಸ್ಲಿ ಹಂಗಿಲ್ಲ. ಯಾವ್ದು ಹಾಕಿದ್ರೂ ಓಡ್ತದ.”

ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಿಗ್ಗುತ್ತ ಬಂದೆ. ಮನೆಗೆ ಬಂದು ನಕಲಿ ಡಿಸ್ಕು ನೇರ ಹಾಕಿ, ಮುಚ್ಚಳ ಮುಚ್ಚಿ, ಚಾಲೂ ಮಾಡಿ ತೋರಿಸಿದೆ. ಆಟ ಬಂತು. ಚಪ್ಪಾಳೆ ಬರಲಿಲ್ಲ. ಪ್ರಕಾಶನ ಮುಖ ಇಳಿದುಹೋಯಿತು.

“ಶಿಖಾಗ ಹೇಳಬ್ಯಾಡ,” ಎಂದ.

ನಾನು ದಡ್ಡಿ. “ಯಾಕ? ಪಾಪ, ಅಷ್ಟು ದೂರದಿಂದ ಡಿಸ್ಕು ಹೊತ್ತು ಬರೋದು ತಪ್ಪತದ,” ಎಂದೆ.

ಅವ್ವ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. “ನೀ ಬಾಯಿ ಬಿಟ್ಟಿ ಅಂದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೀನಿ,” ಎಂದಳು.

ಉಳಿದವರು ಅಪ್ಪ. ಪ್ರತಿ ಐತವಾರ ಬೆಳಿಗ್ಗೆ ಬುದ್ಧನ ಫೋಟೋದ ಮುಂದೆ ಕೂರಿಸಿ ನಮ್ಮಿಂದ ಪಂಚಶೀಲ ಹೇಳಿಸುವವರು. ಸುಳ್ಳಾಡುವುದಿಲ್ಲ ಎಂಬುದು ಅದರಲ್ಲಿ ಬರುತ್ತದೆ. ಅವರು ಪೇಪರನ್ನು ಕೆಳಗಿಳಿಸಿ, ಕನ್ನಡಕ ಒರೆಸಿ, ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು:

“ಯಾರೂ ಸುಳ್ಳು ಹೇಳಬ್ಯಾಡ್ರಿ. ಆ ಹುಡುಗಿ ಕೇಳಿದ್ರ ಖರೇ ಹೇಳ್ರಿ. ಕೇಳದಿದ್ರ ಸುಮ್ಮನಿರ್ರಿ.”

ಮುಂದಿನ ಐತವಾರ ಶಿಖಾ ಡಬ್ಬಿಯಿಂದ ಡಿಸ್ಕು ತೆಗೆದು ಕೊಟ್ಟಳು. ಅವ್ವ ಸ್ಪ್ರಿಂಗ್ ತುರುಕಿ, ಮೊದಲಿನ ಹಾಗೇ ಕಿವಿಗೊಟ್ಟು, ಅಸಲಿ ಎತ್ತಿ ನಕಲಿ ಕೂರಿಸಿದಳು. ಬೇಕಿಲ್ಲದ ಈ ಕೆಲಸವನ್ನು ವಾರ ವಾರವೂ ಶ್ರದ್ಧೆಯಿಂದ ಮಾಡಿದಳು. ಆ ಹೊತ್ತಿಗೆ ಅಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದರು, ಶೀಲ ಕಾಪಾಡಿಕೊಳ್ಳಲು.

ಒಂದು ಐತವಾರ ಮಧ್ಯಾಹ್ನ ಆಟದ ನಡುವೆ ಕರೆಂಟು ಹೋಯಿತು. ನಾವೆಲ್ಲ ಚಹಾ ಕುಡಿಯುತ್ತ ಕೂತೆವು. ಪೆಟ್ಟಿಗೆಯನ್ನು ಚಾಲೂ ಮಾಡುವ ಗುಂಡಿ ಒತ್ತಿದ್ದು ಒತ್ತಿದ ಹಾಗೇ ಇತ್ತು. ಕರೆಂಟು ಬಂದದ್ದೇ ಟಿ.ವಿ. ಬೆಳಗಿತು, ಪೆಟ್ಟಿಗೆ ತಾನೇ ಚಾಲೂ ಆಯಿತು. ಒಳಗಿದ್ದದ್ದು ನಕಲಿ. ಅಸಲಿ ಶಿಖಾಳ ಡಬ್ಬಿಯಲ್ಲಿ, ಡಬ್ಬಿ ಶಿಖಾಳ ತೊಡೆಯ ಮೇಲೆ. ಬಿಳಿ ಪರದೆ ಬಂತು, ಕಪ್ಪು ಪರದೆ ಬಂತು, ಕಾರುಗಳು ಗುರ್ರೆನ್ನುತ್ತ ಬಂದು ಸಾಲಾಗಿ ನಿಂತವು.

ಅವ್ವನ ಕೈಯಲ್ಲಿ ಚಹಾದ ಕಪ್ಪು ಅಲ್ಲೇ ನಿಂತಿತು. ಪ್ರಕಾಶ ನೆಲ ನೋಡುತ್ತಿದ್ದ. ಅಪ್ಪ ಚಪ್ಪಲಿ ಹುಡುಕಿದರು. ಈಗ ಕೇಳುತ್ತಾಳೆ, ಕೇಳಿದರೆ ಖರೇ ಹೇಳಬೇಕು. ಶಿಖಾ ಪರದೆಯನ್ನು ನೋಡಿದಳು, ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು, ಕಪ್ಪು ಕೆಳಗಿಟ್ಟು ಹಿಡಿಕೆ ಎತ್ತಿಕೊಂಡಳು.

“ಕರೆಂಟ್ ಬಂತಲ್ಲ. ಏಳ್ರಿ, ನಿಂತು ಆಡ್ಬೇಕು ನೀವು.”

ಪುಣ್ಯಕ್ಕೆ ಅವಳಿಗೆ ಗೊತ್ತಾಗಲಿಲ್ಲ ಎಂದು ನಾನು ಅಂದು ರಾತ್ರಿ ಅವ್ವನಿಗೆ ಹೇಳಿದೆ. ಅವ್ವ ನನ್ನ ಮುಖ ನೋಡಿ, “ಡಿಗ್ರಿ ಓದಾಕತ್ತೀದಿ ನೀ,” ಎಂದಳು.

ಅದರ ಮುಂದಿನ ವಾರವೂ ಶಿಖಾ ಬಂದಳು, ಡಬ್ಬಿಯ ಜೊತೆಗೆ.

ಒಂದೆರಡು ವರ್ಷಕ್ಕೆ ಪ್ರಕಾಶನಿಗೆ ಕಾಲುವೆ ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಸಿಕ್ಕ ವಾರವೇ ಯಾರಿಗೂ ಹೇಳದೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಕ್ಯಾಂಪಿಗೆ ಹೋದ, ಶಿಖಾಳ ಅಪ್ಪನನ್ನು ಕಾಣಲು. ಅವರು ಇವನ ಮಾತನ್ನು ಪೂರ್ತಿ ಕೇಳಿದರು. “ಬರ್ರಿ, ನಮ್ಮ ಹೊಲ ನೋಡ್ರಿ,” ಎಂದು ಗದ್ದೆಯ ಬದುವಿನ ಮೇಲೆ ಮುಂದೆ ನಡೆದರು. ಹಸಿ ಬದು, ಒಂದು ಪಾದ ಇಡುವಷ್ಟು ಅಗಲ. ಇವನು ರಾಡಿನ ಕಾಲು ಎಳೆಯುತ್ತ ಹಿಂದೆ ನಡೆದ. ಅವರು ತಿರುಗಿ ನೋಡಿದಾಗ ಇವನು ಸೊಂಟದವರೆಗೆ ಕೆಸರಿನಲ್ಲಿದ್ದ.

“ಬಿದ್ದೀರೇನು?” ಎಂದರು ಅವರು.

“ಇಲ್ರಿ, ನಿಂತೀನಿ,” ಎಂದನಂತೆ ಇವನು.

ಅವರು ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರಂತೆ. ಆಮೇಲೆ ಕೈ ಕೊಟ್ಟು ಎಳೆದು, ಮನೆಗೆ ಕರೆದೊಯ್ದು, ಸ್ನಾನಕ್ಕೆ ನೀರು ಕೊಟ್ಟು, ತಮ್ಮದೇ ಲುಂಗಿ ಉಡಿಸಿ, ಅನ್ನ ಮೀನಿನ ಸಾರು ಬಡಿಸಿ ಕಳಿಸಿದರು. ಇಸ್ತ್ರಿ ಪ್ಯಾಂಟು ಹಾಕಿ ಹೋದ ಮಗ ಸಂಜೆ ಯಾರದೋ ಚೌಕುಳಿ ಲುಂಗಿಯಲ್ಲಿ ಬಸ್ಸಿಳಿದು ಬರುವುದನ್ನು ಕಟ್ಟೆಯ ಮೇಲಿಂದ ಕಂಡ ಅವ್ವ, ಏನಾಯಿತು ಎಂದು ಒಂದು ಮಾತೂ ಕೇಳಲಿಲ್ಲ. ಒಳಗೆ ಹೋಗಿ ಅಪ್ಪನಿಗೆ ಹೇಳಿದಳು: “ಒಪ್ಯಾರ.”

ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ನಮ್ಮವರು ತ್ರಿಶರಣ ಹೇಳಿದರು, ಅವರ ಹೆಂಗಸರು ಶಂಖ ಊದಿ ನಾಲಿಗೆ ಹೊರಳಿಸಿ ಉಲುಲು ಕೂಗಿದರು, ಓಣಿಯ ನಾಯಿಗಳೆಲ್ಲ ಒಂದು ಕಡೆ ಸೇರಿದವು. ರಫೀಕ್ ಭಾಯಿ ಮದುವೆಯ ವಿಡಿಯೋ ತೆಗೆದು, ಕಾಪಿಗಳನ್ನು ಕೇಳಿದವರಿಗೆಲ್ಲ ಹಂಚಿದರು.

ಈಗ ಅವರು ಸಿಂಧನೂರಿನಲ್ಲಿದ್ದಾರೆ. ಶಿಖಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮೊನ್ನೆ ಅವಳ ಅಡುಗೆಮನೆಯಲ್ಲಿ ಕೂತು ಹಳೆಯದೆಲ್ಲ ಮಾತಾಡುತ್ತಿದ್ದಾಗ, ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿ ಇದ್ದದ್ದನ್ನು ಕೇಳಿಯೇಬಿಟ್ಟೆ.

“ಅತ್ತಿಗಿ, ಅವತ್ತು ಕರೆಂಟ್ ಹೋಗಿ ಬಂದಾಗ ನಿನಗ ಚಿಪ್ಪಿನ ಸಂಗತಿ ಗೊತ್ತಾತೇನು?”

“ಅವತ್ತಲ್ಲ. ಅದಕ್ಕಿಂತ ಮೊದ್ಲ,” ಎಂದಳು ಶಿಖಾ, ಮೀನಿಗೆ ಅರಿಶಿನ ಹಚ್ಚುತ್ತ. “ಅಂಗಡಿ ಮುಂದ ಹಾಯುವಾಗ ರಫೀಕ್ ಭಾಯಿ ನನಗೂ ಹೇಳಿದ್ರು. ನಿನ್ನ ಗೆಳತಿಯ ಪೆಟ್ಟಿಗಿ ಪಕ್ಕಾ ಮಾಡಿ ಕೊಟ್ಟೀನಿ, ಇನ್ನ ಅಸ್ಲಿ ಬೇಕಾಗಿಲ್ಲ ಅಂತ.”

“ಮತ್ತ ಆ ಡಬ್ಬಿ ಹೊತ್ಕೊಂಡು ಯಾಕ ಬರ್ತಿದ್ದೆ?”

ಶಿಖಾ ಕೈ ನಿಲ್ಲಿಸಿ, ಇಷ್ಟು ಸಣ್ಣ ಲೆಕ್ಕ ಬಾರದ ಹುಡುಗಿಯನ್ನು ಕ್ಲಾಸಿನಲ್ಲಿ ನೋಡುವ ಹಾಗೆ ನನ್ನನ್ನು ನೋಡಿದಳು.

“ನಾ ಡಿಸ್ಕು ಒಯ್ಯದಿದ್ರ ಪಾಪ ಅವರ ಆಟ ನಡಿಯಂಗಿಲ್ಲ ಅಂತ ಬಾಬಾಗ ಹೇಳಿ ಬರ್ತಿದ್ದೆ. ಡಿಸ್ಕಿಲ್ದನೂ ನಡೀತದ ಅಂತ ಅವರಿಗೆ ಗೊತ್ತಾಗಿದ್ರ ವಾರ ವಾರ ಮಸ್ಕಿಗೆ ಯಾರು ಬಿಡ್ತಿದ್ರು ನನ್ನ?” ಎಂದು, ಮೀನನ್ನು ಎಣ್ಣೆಗೆ ಬಿಟ್ಟಳು.